ಜರಿ ರುಮಾಲಿಗೆ ಧರ್ಮವಿಲ್ಲ

ಬಳ್ಳಾರಿಯ ವಕೀಲರ ಅಳಿಯಂದಿರು ಮೊನ್ನೆ ಗಾಡಿ ಕಟ್ಟಿಸಿಕೊಂಡು ಸಿರುಗುಪ್ಪದ ತನಕ ಬಂದಿದ್ದರು. ಮಾವನವರು ತೀರಿಕೊಂಡು ತಿಂಗಳಾಯಿತಂತೆ. ಊರಿನ ದೊಡ್ಡ ಮನುಷ್ಯರೆಲ್ಲ ಸೇರಿ ಒಂದು ಸಭೆ ನಡೆಸುತ್ತಾರಂತೆ, ಸಭೆಯಲ್ಲಿ ಹಂಚಲು ಒಂದು ಪುಸ್ತಿಕೆ ಅಚ್ಚು ಹಾಕಿಸುತ್ತಾರಂತೆ. "ನೀವು ನಮ್ಮ ಮಾವನವರ ಬ್ಯಾಸಗಿ ಪಾಠಶಾಲೆಯೊಳಗ ಇದ್ದವರು. ಕಲೆಗೆ ಅವರು ಮಾಡಿದ ದಾನಧರ್ಮ ಕಣ್ಣಾರೆ ಕಂಡವರು. ನಾಕು ಒಳ್ಳೇ ಮಾತು ಬರ್ದು ಕೊಡ್ರಿ ಮೇಷ್ಟ್ರ," ಎಂದರು. ನನ್ನಾಕೆ ಅವರಿಗೆ ಮಜ್ಜಿಗೆ ತಂದುಕೊಟ್ಟಳು. ಅವರು ಕುಡಿದು ಮುಗಿಸುವ ತನಕ ನಾನು ನಾಲ್ಕು ಮಾತಿಗಾಗಿ ತಡಕಾಡಿದೆ. ಎರಡು ಸಿಕ್ಕವು. ಅವರ ಕೈಬರಹ ಬಹಳ ಚೆಂದ ಇತ್ತು; ಎಂಥ ಬಿಸಿಲಿನಲ್ಲೂ ಮಧ್ಯಾಹ್ನ ಮಲಗುತ್ತಿರಲಿಲ್ಲ. ಅವೆರಡನ್ನೂ ಬರೆದು ಅಳಿಯಂದಿರ ಕೈಗೆ ಕೊಟ್ಟೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಹೇಳುವುದಿಲ್ಲ. ಸತ್ತವರಿಗೆ ಅಂಜಿ ಅಲ್ಲ. ಮೊಮ್ಮಕ್ಕಳು ಒಳ್ಳೆಯವರು, ಕಂಡಲ್ಲಿ ನಮಸ್ಕಾರ ಮಾಡುತ್ತಾರೆ, ಅವರ ಮುಖ ನೋಡಿ ಬಿಡುತ್ತಿದ್ದೇನೆ.

ಕುಳ್ಳಗೆ, ಕೆಂಪಗೆ, ತಲೆಗಿಂತ ರುಮಾಲೇ ದೊಡ್ಡದು ಎನ್ನುವಂಥ ಆಸಾಮಿ. ಕೋಟೆಗುಡ್ಡದ ಕೆಳಗೆ ಅವರ ಮಾಳಿಗೆ ಮನೆ. ಪಡಸಾಲೆಯ ಗೋಡೆಯಲ್ಲಿ ಎರಡು ಗೂಟ, ಎರಡು ಗೂಟಕ್ಕೆ ಎರಡು ಕೋಟು. ಒಂದು ನುಣುಪಾದ ಕರಿಯ ಕೋಟು, ಕೋರ್ಟಿಗೂ ಸಾಹೇಬರ ಭೇಟಿಗೂ ಅದು. ಇನ್ನೊಂದರ ಮೊಣಕೈಗೆ ತೇಪೆ. ಯಾರಾದರೂ ಏನಾದರೂ ಕೇಳಲು ಬಂದಿದ್ದಾರೆಂದು ಆಳು ಬಂದು ಹೇಳಿದರೆ ಸಾಕು, ತೇಪೆಯ ಕೋಟು ಮೈಗೇರುತ್ತಿತ್ತು. ಒಂದು ದಿನ ಕಾಲು ತೊಳೆದುಕೊಳ್ಳುತ್ತಿದ್ದವರು ಒದ್ದೆಗಾಲಲ್ಲೇ ಓಡಿಬಂದು ಕರಿಯ ಕೋಟು ಬಿಚ್ಚಿ ತೇಪೆಯದನ್ನು ತೊಟ್ಟು, ಉಸಿರು ಸರಿಮಾಡಿಕೊಂಡು ಚಾಪೆಯ ಮೇಲೆ ಕುಳಿತದ್ದನ್ನು ನೋಡಿದ್ದೇನೆ. ಬಂದವನು ಬರೀ ಹೊತ್ತು ಎಷ್ಟಾಯಿತೆಂದು ಕೇಳಿಹೋಗಲು ಬಂದಿದ್ದ ಪಕ್ಕದ ಮನೆಯವನು.

ಅವರ ಬಾಯಿಂದ 'ಆಗಲಿ' ಎಂಬ ಮಾತು ಬಂದದ್ದನ್ನು ನಾನು ಕೇಳಿಲ್ಲ. 'ಆಗದು' ಎಂದದ್ದೂ ಕಡಿಮೆ. ಎರಡು ಬೆರಳಲ್ಲಿ ನಶ್ಯ ಹಿಡಿದು, ಏರಿಸದೆ, ಅದನ್ನೇ ನೋಡುತ್ತ "ವಿಚಾರ ಮಾಡೋಣ" ಎನ್ನುತ್ತಿದ್ದರು. ಆಮೇಲೆ ನಶ್ಯ ಏರಿಸುತ್ತಿದ್ದರು. ಅಲ್ಲಿಗೆ ವಿಚಾರ ಮುಗಿಯಿತು ಎಂದು ಅರ್ಥ. ಇದು ತಿಳಿಯದ ಬಡಪಾಯಿಗಳು ವಾರಗಟ್ಟಲೆ ಅವರ ಜಗಲಿ ಸವೆಸುತ್ತಿದ್ದರು.

ಇಂಥವರಿಗೆ ಕಲೆಯ ಹುಚ್ಚು ಹೇಗೆ ಹತ್ತಿತು ಎಂದರೆ, ಬೇಸಿಗೆಯಲ್ಲಿ ಕೋರ್ಟಿಗೆ ರಜೆ. ರಜೆಯಲ್ಲಿ ಅವರ ಮಾತನ್ನು ಎದ್ದುನಿಂತು ಕೇಳುವವರು ಯಾರೂ ಇರುತ್ತಿರಲಿಲ್ಲ. ಮನೆಯವರಂತೂ ಎಂದೋ ಕೇಳುವುದನ್ನು ಬಿಟ್ಟಿದ್ದರು. ಅದೇ ಹೊತ್ತಿಗೆ ಮುಂಬಯಿ ಕಡೆಯ ಒಂದು ನಾಟಕ ಕಂಪನಿ ಬಂದು ಕೌಲ್ ಬಜಾರಿನ ಬಯಲಲ್ಲಿ ಡೇರೆ ಹೊಡೆಯಿತು. ಊರಿಗೆ ಊರೇ ಹುಚ್ಚೆದ್ದು ನೋಡಿತು. ವಕೀಲರು ನೋಡಿದ್ದು ಬೇರೆ. ನಾಟಕ ಶುರುವಾಗುವ ಮೊದಲು ಕಂಪನಿಯ ಧಣಿ ಪರದೆಯ ಮುಂದೆ ಬಂದು ನಿಂತರೆ ಜನ ಚಪ್ಪಾಳೆ ತಟ್ಟುತ್ತಿದ್ದರಲ್ಲ, ಅದು ಅವರ ಕಣ್ಣು ಕುಕ್ಕಿತು. ಮರುವರ್ಷ ಬೇಸಿಗೆಗೆ ಅವರ ಮಾಳಿಗೆಯ ಮೇಲೆ ಪಾಠಶಾಲೆ ಎದ್ದಿತು. ಹನ್ನೆರಡರಿಂದ ಹದಿನಾರು ವಯಸ್ಸಿನ ಹುಡುಗರಿಗೆ ಹಾಡು, ಪದ್ಯ ಓದುವುದು, ಮದ್ದಲೆ, ವೇಷ ಕಟ್ಟುವುದು, ಪರದೆಗೆ ಬಣ್ಣ ಹಾಕುವುದು. ಮಳೆಗಾಲದ ಮೊದಲಲ್ಲಿ ಊರಿನ ಮುಂದೆ ಒಂದು ನಾಟಕ. ಹಾಡಿಗೆ ಗುತ್ತಿ ಕಡೆಯ ತೆಲುಗು ಮೇಷ್ಟ್ರು ಒಬ್ಬರನ್ನು ಕರೆಸಿ ಮನೆಯಲ್ಲೇ ಇಟ್ಟುಕೊಂಡರು. ಪದ್ಯ ಓದಿಸಲು, ನಾಲಗೆ ತಿದ್ದಲು ನಾನು. ಆಗ ನಾನು ಬಳ್ಳಾರಿಯ ಶಾಲೆಯೊಂದರಲ್ಲಿ ಕನ್ನಡ ಹೇಳಿಕೊಡುತ್ತಿದ್ದೆ.

ತೆಲುಗು ಮೇಷ್ಟ್ರ ಪಾಡು ನೆನೆದರೆ ಈಗಲೂ ನಗು ಬರುತ್ತದೆ. ವಕೀಲರು ಪಾಠದ ನಡುವೆ ಬಂದು ಕುಳಿತು ತೊಡೆ ತಟ್ಟಿ ತಾಳ ಹಾಕುತ್ತಿದ್ದರು. ಆ ತಾಳಕ್ಕೂ ಹಾಡಿಗೂ ಯಾವ ಸಂಬಂಧವೂ ಇಲ್ಲ. ಒಂದು ದಿನ ಮೇಷ್ಟ್ರು ತಡೆಯಲಾರದೆ, "ವಕೀಲ್ ಸಾಬ್, ತಾಳ ಸ್ವಲ್ಪ ಮುಂದ ಹೊಂಟದ," ಎಂದರು. ವಕೀಲರು ತೊಡೆ ತಟ್ಟುವುದನ್ನು ನಿಲ್ಲಿಸಲಿಲ್ಲ. "ಮುಂದ ಹೋದದ್ದನ್ನ ಹಿಂದಿದ್ದವ್ರು ಬಂದು ಕೂಡ್ಕೋಬೇಕು," ಎಂದರು. ಅವತ್ತಿನಿಂದ ಮದ್ದಲೆಯ ಹುಡುಗ ಹಾಡಿನ ಕಡೆ ನೋಡದೆ ಧಣಿಯ ತೊಡೆ ನೋಡಿಕೊಂಡೇ ಬಾರಿಸತೊಡಗಿದ.

ಇನ್ನು ಅವರ ಧರ್ಮದ ಮಾತು. ಉಳ್ಳವರ ಮಕ್ಕಳು ಫೀಜು ಕೊಟ್ಟು ಕಲಿಯಬೇಕು, ಬಡವರ ಕೆಲವು ಮಕ್ಕಳಿಗೆ ಫೀಜಿಲ್ಲದೆ ಪಾಠ. ಇದಕ್ಕೆ ಧರ್ಮಪಾಠ ಎಂದು ಹೆಸರು. ಕೇಳಲು ಎಷ್ಟು ಚೆಂದ! ಊರೆಲ್ಲ ವಕೀಲರನ್ನು ಹೊಗಳಿತು. ನಾನೂ ಹೊಗಳಿದೆ, ಮೊದಲ ವಾರ. ಆಮೇಲೆ ಕಂಡದ್ದು: ಫೀಜಿನ ಹುಡುಗರು ಲಾವಂಚದ ತಟ್ಟಿ ಕಟ್ಟಿದ ಕಿಟಕಿಯ ಪಕ್ಕ ತಂಪಿನಲ್ಲಿ ಕೂರಬೇಕು, ಧರ್ಮದವರು ಗೋಡೆಯ ಕಡೆ. ಬಳ್ಳಾರಿಯ ಬೇಸಿಗೆಯ ಗೋಡೆ ಎಂದರೆ ಬೆನ್ನು ತಾಗಿಸುವ ಹಾಗಿಲ್ಲ. ಪಾಠ ಮುಗಿದ ಮೇಲೆ ಧರ್ಮದವರು ಎದ್ದುನಿಂತು ವಕೀಲರ ಮೇಲೆ ವಕೀಲರೇ ಕಟ್ಟಿದ ಒಂದು ಸ್ತುತಿ ಹಾಡಬೇಕು. ಅದನ್ನು ಹಾಡಿಸುವಾಗ ತೆಲುಗು ಮೇಷ್ಟ್ರು ಕಿಟಕಿಯಿಂದ ಹೊರಗೆ ಗುಡ್ಡ ನೋಡುತ್ತಿದ್ದರು.

ಈಗ ಕುರುಗೋಡಿನ ಹುಡುಗನ ಮಾತಿಗೆ ಬರುತ್ತೇನೆ. ವಕೀಲರ ಬಗ್ಗೆ ಬರೆಯಲು ಕುಳಿತದ್ದೇ ಅವನಿಗಾಗಿ.

ಕುರುಗೋಡು ನನ್ನ ಹೆಂಡತಿಯ ತವರು. ಆ ವರ್ಷ ಬೇಸಿಗೆಯ ಮೊದಲಿಗೆ ಅಲ್ಲಿಗೆ ಹೋದಾಗ ಪಕ್ಕದ ಮನೆಯ ಮಾಳಿಗೆಯಿಂದ ಹಾಡು ಕೇಳಿಸಿತು. ಹದಿಮೂರು ಹದಿನಾಲ್ಕರ ಹುಡುಗ, ಒಣಹಾಕಿದ ಮೆಣಸಿನಕಾಯಿಗೆ ಮಂಗ ಬಾರದ ಹಾಗೆ ಕಾಯುತ್ತ ಕುಳಿತಿದ್ದ. ಕೈಯಲ್ಲಿ ಕೋಲು, ಬಾಯಲ್ಲಿ ಅವ್ವ ಬೀಸುವಾಗ ಹೇಳುವ ಪದ. ಎಂಥ ಕಂಠ! ಮೇಲೆ ಏರಿದಷ್ಟೂ ತೆಳುವಾಗದೆ ತುಂಬಿಕೊಳ್ಳುವಂಥದ್ದು. ಊಟಕ್ಕೆ ಕರೆದರೂ ನಾನು ಏಳದೆ ಕುಳಿತೆ. ಅಪ್ಪ ಇಲ್ಲದ ಹುಡುಗ. ಊರಿನಲ್ಲಿ ಮಕ್ಕಳಿಗೆ ಮರಳ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಅಯ್ಯನವರು ಅವನ ಅಪ್ಪ, ಅವರು ಹೋಗಿ ಕೆಲವು ವರ್ಷಗಳಾಗಿದ್ದವು. ತಾಯಿ ನಾಲ್ಕು ಮನೆಯ ಜೋಳ ಬೀಸಿ ಹುಡುಗನನ್ನು ಸಾಕಿದ್ದಳು. ರಾರಾವಿಯಲ್ಲಿ ಅವಳ ಅಣ್ಣ ಇದ್ದ. ಮಳೆ ಬಿದ್ದರೆ ಬಂದು ಹುಡುಗನನ್ನು ಹೊಲದ ಕೆಲಸಕ್ಕೆ ಒಯ್ಯುತ್ತೇನೆ ಎಂದು ಹೇಳಿಕಳಿಸಿದ್ದ. ಇನ್ನೊಂದು ವರ್ಷಕ್ಕೆ ಕಂಠ ಒಡೆಯುತ್ತದೆ, ಈ ಬೇಸಿಗೆ ಕಲಿತರೆ ಕಲಿತ, ಇಲ್ಲದಿದ್ದರೆ ಇಲ್ಲ.

ನಾನು ತಾಯಿಗೆ ಧರ್ಮಪಾಠದ ಸಂಗತಿ ಹೇಳಿದೆ. ಅವಳು ಬೀಸುವುದನ್ನು ನಿಲ್ಲಿಸಿ, "ನಮ್ಮಂಥಾರನ ತಗೊಂತಾರೇನ್ರಿ ಅಳಿಯಂದ್ರ?" ಎಂದು ಕೇಳಿದಳು. ಹೆಂಡತಿಯ ತವರಲ್ಲಿ ನಾನು ಊರಿಗೆಲ್ಲ ಅಳಿಯ.

"ಅವನ ಹಾಡು ಕೇಳಿದ್ರ ತಗೊಳ್ದ ಬಿಡ್ತಾರೇನು, ಕರ್ಕೊಂಡು ಬಾರವ್ವಾ," ಎಂದೆ. ನಾನೂ ಆಗಿನ್ನೂ ವಕೀಲರನ್ನು ಪೂರ್ತಿ ಓದಿರಲಿಲ್ಲ. ಮೊದಲ ವರ್ಷದ ಪಾಠಶಾಲೆ, ಧರ್ಮದ ಹುಡುಗರನ್ನು ಅವರು ಹೇಗೆ ಆರಿಸುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ. ಪಾಠ ಶುರುವಾದ ಮೇಲೆ ಧರ್ಮದವರಲ್ಲಿ ಉಳಿದ ಎರಡು ಜಾಗಕ್ಕೆ ಒಂದು ದಿನ ಗೊತ್ತುಮಾಡಿದರು.

ಇಲ್ಲಿ ನಮ್ಮ ಸೀಮೆಯ ಒಂದು ಪದ್ಧತಿ ಹೇಳಬೇಕು. ದೊಡ್ಡವರ ಮನೆಗೆ ಹೋಗುವಾಗ, ಹೆಣ್ಣು ನೋಡಲು ಹೋಗುವಾಗ, ಇಲ್ಲದವರು ಇದ್ದವರ ಮನೆಯಿಂದ ಒಂದು ಸೀರೆ, ಒಂದು ಶಲ್ಯ, ಒಂದು ಕಡಗ ಎರವಲು ತಂದು ತೊಡುತ್ತಾರೆ. ಕೊಡುವವರು ಬೇಸರವಿಲ್ಲದೆ ಕೊಡುತ್ತಾರೆ. ಆದರೆ ಮೈಮೇಲೆ ಇರುವಾಗ ಅದು ಎರವಲು ಎಂಬ ಮಾತು ಬಾಯಿಂದ ಬರಬಾರದು. ಕೊಟ್ಟವರು ಎದುರಿಗೇ ಇದ್ದರೂ ನನ್ನದು ಎನ್ನಬಾರದು, ತೊಟ್ಟವರು ನಮ್ಮದಲ್ಲ ಎನ್ನಬಾರದು. ಹಾಗೆ ಅಂದರೆ ಕೊಟ್ಟವರ ಮರ್ಯಾದೆಯೂ ಹೋಯಿತು, ಉಟ್ಟವರದೂ ಹೋಯಿತು. ಇದು ಬರೆದಿಟ್ಟ ಕಾನೂನಲ್ಲ. ಆದರೂ ಮೀರಿದವರನ್ನು ನಾನು ಕಂಡಿರಲಿಲ್ಲ.

ಆ ದಿನ ವಕೀಲರು ತೇಪೆಯ ಕೋಟು ತೊಟ್ಟು ಚಾಪೆಯ ಮೇಲೆ ಕುಳಿತರು. ಒಂದು ಪಕ್ಕ ತೆಲುಗು ಮೇಷ್ಟ್ರು, ಇನ್ನೊಂದು ಪಕ್ಕ ನಾನು. ಮೊದಲು ಒಬ್ಬ ಹುಡುಗ ಬಂದ. ಅಂಗಿಯ ಭುಜ ಹರಿದಿತ್ತು, ಬರಿಗಾಲು. ಪದ್ಯ ಹೇಳು ಎಂದರೆ ಎರಡು ಸಾಲು ಹೇಳಿ ಮೂರನೆಯದಕ್ಕೆ ಬಾಯಿ ಬಿಟ್ಟ. ಹಾಡು ಎಂದರೆ ನಕ್ಕ. ಮೇಷ್ಟ್ರು ಹಣೆ ಚಚ್ಚಿಕೊಂಡರು. ವಕೀಲರ ಕಣ್ಣು ಮಾತ್ರ ಆ ಹರಿದ ಭುಜವನ್ನು ಬಿಟ್ಟು ಅಲ್ಲಾಡಲಿಲ್ಲ. "ಪಾಪ, ಪಾಪ! ಇಂಥಾವರಿಗೆ ನಾವು ಕೊಡ್ಲಿಕ್ಕಂದ್ರ ಯಾರು ಕೊಡಬೇಕು?" ಎಂದು ಒಳಗೆ ತೆಗೆದುಕೊಂಡರು. ಆ ಹುಡುಗ ಹತ್ತಿ ಸಾಹುಕಾರರ ಮಗ. ಅವನ ಚಪ್ಪಲಿ, ಒಳ್ಳೆಯ ಅಂಗಿ ಎಲ್ಲ ಓಣಿಯ ಮೂಲೆಯಲ್ಲಿ ಅವರ ಮನೆಯ ಗಾಡಿಯಲ್ಲಿ ಕಾಯುತ್ತಿದ್ದವು. ಸಾಹುಕಾರರಿಗೆ ವಕೀಲರ ಎರಡು ಕೋಟಿನ ಗುಟ್ಟು ಗೊತ್ತಿತ್ತು, ಅಷ್ಟೇ.

ಆಮೇಲೆ ಕುರುಗೋಡಿನ ತಾಯಿ ಮಗ ಬಂದರು. ಹುಡುಗನ ತಲೆಯ ಮೇಲೆ ಜರಿ ರುಮಾಲು, ಹೆಗಲ ಮೇಲೆ ಅಂಚಿನ ಶಲ್ಯ. ರುಮಾಲು ಕಿವಿಯ ಮೇಲೆ ಇಳಿದಿತ್ತು, ಅವನ ತಲೆಗೆ ದೊಡ್ಡದು. ಅದು ಕುರುಗೋಡಿನ ಎಣ್ಣೆ ಸಾಹುಕಾರರದು ಎಂದು ಕಂಡ ಕೂಡಲೇ ಗುರುತಿಸಿದೆ. ಸಾಹುಕಾರರು ನನ್ನ ಮದುವೆಗೆ ಅದನ್ನೇ ಸುತ್ತಿಕೊಂಡು ಬಂದಿದ್ದರು.

ಹುಡುಗ ಹಾಡಿದ. ತೆಲುಗು ಮೇಷ್ಟ್ರು ಅಷ್ಟು ಹೊತ್ತೂ ಉಸಿರು ಬಿಡಲಿಲ್ಲ. ಹಾಡು ಮುಗಿದ ಮೇಲೆ "ಅಯ್ಯೋ ದೇವುಡಾ" ಎಂದರು, ಅಷ್ಟೇ. ವಕೀಲರು ಕಣ್ಣು ಮುಚ್ಚಿಕೊಂಡಿದ್ದರು. ಕೇಳುತ್ತಿದ್ದಾರೆಂದು ತಿಳಿದೆ. ಕಣ್ಣು ತೆರೆದು ರುಮಾಲು ನೋಡಿದರು.

"ಏನವಾ, ಧರ್ಮಪಾಠ ಬೇಕಂತಿ?"

"ಹೌದ್ರಿ ಧಣಿ. ನಮಗ ಕೊಡಾಕ ಏನೂ ಇಲ್ರಿ."

"ಏನೂ ಇಲ್ಲ. ತಲಿ ಮ್ಯಾಲೆ ಅಷ್ಟು ಜರಿ ಅದ, ಏನೂ ಇಲ್ಲ! ಜರಿ ರುಮಾಲಿಗೆ ಧರ್ಮ ಕೊಟ್ರ ಹರಕ ಅಂಗೀಗೆ ಏನು ಕೊಡ್ಲಿ?"

ತಾಯಿ ನೆಲ ನೋಡಿದಳು. ನನಗೆ ತಡೆಯಲಾಗಲಿಲ್ಲ. "ವಕೀಲರ, ಅದು ಅವರದಲ್ರಿ. ಆ ಊರಿನ ಎಣ್ಣಿ ಸಾಹುಕಾರ್ರದು. ನಾ ಕಣ್ಣಾರೆ ಕಂಡೀನಿ," ಎಂದೆ.

ವಕೀಲರು ತಾಯಿಯ ಕಡೆ ತಿರುಗಿದರು. "ಮೇಷ್ಟ್ರು ಹೇಳೂದು ಖರೇ ಏನವಾ? ಹೌದಂದ್ರ ಹೌದನ್ನು. ಈಗ್ಲೇ ತಗೊಂತೀನಿ."

ಅವರ ಜನ್ಮದಲ್ಲಿ ಅಷ್ಟು ನೇರವಾದ ಮಾತನ್ನು ಅವರು ಅದೊಂದೇ ಸಲ ಆಡಿದ್ದು. ತಾಯಿ ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ನಾನು ಕಣ್ಣಲ್ಲೇ ಕೇಳಿಕೊಂಡೆ. ಅವಳು ಸೆರಗು ಸರಿಮಾಡಿಕೊಂಡಳು.

"ಇಲ್ರಿ ಧಣಿ. ನಮ್ಮದೇ ಐತ್ರಿ," ಎಂದಳು.

ವಕೀಲರು ನನ್ನ ಕಡೆ ನೋಡಿದ ನೋಟ ಇವತ್ತಿಗೂ ಮೈ ಉರಿಸುತ್ತದೆ. ಪಾಟೀಸವಾಲಿನಲ್ಲಿ ಎದುರು ಪಕ್ಷದ ಸಾಕ್ಷಿಯನ್ನು ಕೆಡವಿದಷ್ಟು ಖುಷಿ ಅದರಲ್ಲಿತ್ತು. "ಕೇಳಿದ್ರೇನು ಮೇಷ್ಟ್ರ?" ಎಂದರು.

ಅಂಗಳದಲ್ಲಿ ಅವಳನ್ನು ಬೈದೆ. "ಏನವ್ವಾ ಮಾಡಿದಿ? ಒಂದು ಮಾತು ಹೌದಂದಿದ್ರ ಹುಡುಗನ ಬಾಳು ಆಗ್ತಿತ್ತಲ್ಲ!"

"ಹ್ಯಾಂಗ ಅನ್ಲಿ ಅಳಿಯಂದ್ರ?" ಎಂದಳು. ಕಣ್ಣಲ್ಲಿ ನೀರು ತುಂಬಿತ್ತು, ದನಿ ಮಾತ್ರ ಗಟ್ಟಿ. "ಸಾಹುಕಾರ್ರ ಹೆಂಡ್ತಿ ತಮ್ಮ ಕೈಲೇ ಅವನ ತಲಿಗೆ ಸುತ್ತಿ ಕಳಿಸ್ಯಾರ. ಅವರ ಸಾಮಾನು ಮೈಮ್ಯಾಗ ಇಟ್ಕೊಂಡು ನಾಕು ಮಂದ್ಯಾಗ ಇದು ನಮ್ಮದಲ್ಲ ಅಂತ ಅಂದು, ತಿರುಗಿ ಯಾವ ಮುಖ ಹೊತ್ಕೊಂಡು ಅವರ ಹೊಸ್ತಲಾ ತುಳೀಲಿ?"

"ಹರಕ ಅಂಗ್ಯಾಗ ಬಂದಿದ್ರ ಮುಗೀತಿತ್ತು."

"ಹರಕ ಅಂಗ್ಯಾಗ ದೊಡ್ಡೋರ ಮನಿಗೆ ಬರ್ತಾರೇನ್ರಿ? ಅವರಿಗೇ ಅವಮಾನ ಅಲ್ಲೇನು?" ಎಂದಳು.

ನಾನು ಒಳಗೆ ಹೋಗಿ, ಹುಡುಗನ ಫೀಜನ್ನು ನನ್ನ ಸಂಬಳದಲ್ಲಿ ಹಿಡಿದುಕೊಳ್ಳಿರಿ ಎಂದೆ. "ಛೇ ಛೇ! ನೌಕರರ ಹತ್ರ ಫೀಜು ಇಸಗೊಂಡ ಅಂತ ಊರಾಗ ನನ್ನ ಹೆಸರು ಏನಾಗಬೇಕು?" ಎಂದರು. ಹೆಸರಿನ ಮೇಲೆ ಅವರಿಗಿದ್ದ ಮುತುವರ್ಜಿ ಅಂಥದ್ದು. ತೆಲುಗು ಮೇಷ್ಟ್ರು ಬೇರೆ ದಾರಿ ಹಿಡಿದರು. ವಿದ್ಯಾ ಇಲಾಖೆಯ ದೊರೆ ಪಾಠಶಾಲೆ ನೋಡಲು ಬರುವವನಿದ್ದ. ಮೆಚ್ಚಿದರೆ ಸರ್ಕಾರದ ಸಹಾಯ ಸಿಗುವುದಿತ್ತು. "ದೊರೆ ಮುಂದ ಹಾಡ್ಲಿಕ್ಕೆ ಈ ಹುಡುಗನ ಬಿಟ್ಟು ನಮ್ಮ ಹತ್ರ ಯಾರಿಲ್ಲ, ವಕೀಲ್ ಸಾಬ್," ಎಂದರು ಮೇಷ್ಟ್ರು. ಆ ಮಾತು ಇಳಿಯಿತು. ನಶ್ಯ ಬೆರಳಿಗೆ ಬಂತು. ದೊರೆ ಬರುವ ತನಕ ಹುಡುಗ ಇರಲಿ, ಸರ್ಕಾರ ಕೊಟ್ಟರೆ ಅವನಿಗೂ ಧರ್ಮಪಾಠ, ಕೊಡದಿದ್ದರೆ ಇಲ್ಲ. ಅಲ್ಲಿಯ ತನಕ ಅವನ ಅರ್ಜಿ ವಿಚಾರದಲ್ಲಿರುತ್ತದೆ, ಎಂದರು.

ಹೀಗೆ ಅವನು ವಿಚಾರದಲ್ಲಿದ್ದುಕೊಂಡೇ ಕಲಿತ. ಊಟ ನಮ್ಮ ಮನೆಯಲ್ಲಿ. ಫೀಜಿನವರ ತಂಪಿನಲ್ಲೂ ಅಲ್ಲ, ಧರ್ಮದವರ ಗೋಡೆಗೂ ಅಲ್ಲ, ಬಾಗಿಲ ಹತ್ತಿರ ಅವನ ಜಾಗ. ತೆಲುಗು ಮೇಷ್ಟ್ರು ತಿಂಗಳಲ್ಲಿ ಹೇಳಿಕೊಡಬೇಕಾದ್ದನ್ನು ಅವನು ವಾರದಲ್ಲಿ ಹೀರಿಕೊಂಡ. ನಾಟಕದಲ್ಲಿ ರಾಣಿಯ ಪಾತ್ರ ಅವನಿಗೇ ಎಂದು ಮೇಷ್ಟ್ರು ಮನಸ್ಸಿನಲ್ಲೇ ಗೊತ್ತುಮಾಡಿದ್ದರು. ರಾತ್ರಿ ಊಟಕ್ಕೆ ಕುಳಿತಾಗ ನನ್ನ ಹೆಂಡತಿಯನ್ನು ಅವನು ಕೇಳುತ್ತಿದ್ದದ್ದು ಒಂದೇ ಮಾತು: "ಅಕ್ಕಾ, ದೊರೆ ಯಾವಾಗ ಬರ್ತಾನಂತ?"

ದೊರೆ ಬರುವ ದಿನ ಗೊತ್ತಾಯಿತು. ವಕೀಲರ ಸಡಗರ ಕಣ್ಣಿಂದ ನೋಡಬೇಕಿತ್ತು! ಬಳ್ಳಾರಿಯ ಒಂದು ಮನೆಯನ್ನೂ ಬಿಡಲಿಲ್ಲ. ಒಬ್ಬರ ಮನೆಯಿಂದ ಗಾಜಿನ ತೂಗುದೀಪ, ಒಬ್ಬರಿಂದ ಕೆತ್ತನೆಯ ಕುರ್ಚಿ, ಒಬ್ಬರಿಂದ ಬೆಳ್ಳಿಯ ಪನ್ನೀರುದಾನಿ. ರತ್ನಗಂಬಳಿ ಎಲ್ಲಿಂದ ಬಂತು ಅಂತೀರಿ? ಹರಿದ ಅಂಗಿಯ ಆ ಧರ್ಮದ ಹುಡುಗನ ಮನೆಯಿಂದ! ಇಬ್ಬರು ಆಳು ಹೊತ್ತು ತಂದರು. "ಇವರ ಮನ್ಯಾಗ ಇಷ್ಟು ದೊಡ್ಡ ಕಂಬಳಿ ಐತಿ, ಹುಡುಗಗ ಧರ್ಮಪಾಠ ಯಾಕ್ರಿ?" ಎಂದು ನಾನು ಮುಖದ ಮೇಲೇ ಕೇಳಿದೆ. ವಕೀಲರ ಮುಖ ಒಂಚೂರೂ ಕೆಡಲಿಲ್ಲ. "ತೀರ್ಪು ಆದ ಮ್ಯಾಲೆ ತಿರುಗಿ ಸಾಕ್ಷಿ ತಗೋಳೂದಿಲ್ರಿ ಮೇಷ್ಟ್ರ," ಎಂದು ಕಂಬಳಿಯ ಸುಕ್ಕು ಸರಿಮಾಡಿಸಿದರು.

ಎಲ್ಲ ಹುಡುಗರಿಗೂ ರೇಷ್ಮೆ ತೊಡಿಸಿದರು. ಅದೂ ಎರವಲು. ತಾವು ಕರಿಯ ಕೋಟು ತೊಟ್ಟು, ಜರಿ ರುಮಾಲು ಸುತ್ತಿ, ಬಾಗಿಲಲ್ಲಿ ನಿಂತರು. ನಾನು ಮೇಷ್ಟ್ರಿಗೆ ಮೆಲ್ಲಗೆ, "ಸಹಾಯ ಬೇಡೋ ಮನಿ ಹಿಂಗಿರ್ತದೇನ್ರಿ?" ಎಂದೆ. ಮೇಷ್ಟ್ರು ತುಟಿ ಕಚ್ಚಿಕೊಂಡರು.

ದೊರೆ ಬಂದ. ಸಣಕಲು ಮನುಷ್ಯ, ಬಿಸಿಲಿಗೆ ಸುಟ್ಟ ಮೂಗು, ಹಳೆಯ ಟೋಪಿ. ರತ್ನಗಂಬಳಿ ತುಳಿಯಲೋ ಬೇಡವೋ ಎಂದು ಅನುಮಾನಿಸಿ ಅಂಚಿನಲ್ಲೇ ನಡೆದು ಬಂದ. ನಮ್ಮ ಹುಡುಗ ಹಾಡಿದ. ದೊರೆಗೆ ಏನು ತಿಳಿಯಿತೋ, ಹಾಡು ಮುಗಿದ ಮೇಲೂ ಗಲ್ಲಕ್ಕೆ ಹಚ್ಚಿದ ಕೈ ತೆಗೆಯದೆ ಕುಳಿತಿದ್ದ. ಗೆದ್ದೆವು ಎಂದುಕೊಂಡೆ. ದೊರೆಗೆ ಅರೆಬರೆ ತೆಲುಗು ಬರುತ್ತಿತ್ತು. ತಲೆ ಎತ್ತಿ ತೂಗುದೀಪ ನೋಡಿ, ಬೆಳ್ಳಿ ನೋಡಿ, ಹುಡುಗರ ರೇಷ್ಮೆ ನೋಡಿ, "ಇದಂತಾ ಎವರಿದಿ?" ಎಂದು ಕೇಳಿದ. ಇದೆಲ್ಲ ಯಾರದು ಎಂದು.

ವಕೀಲರು ಎದೆ ಮುಂದೆ ಮಾಡಿದರು. "ಅಂತಾ ಮಾದೇ, ದೊರಾ!" ಎಲ್ಲ ನಮ್ಮದೇ.

ದೊರೆ ತಲೆಯಾಡಿಸಿದ. ಜತೆಗಿದ್ದ ಶಿರಸ್ತೇದಾರರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದ. ಅವರು ಹಲ್ಲು ಗಿಂಜುತ್ತ ನಮಗೆ ತಿಳಿಸಿದರು: ಪಾಠಶಾಲೆ ಬಹಳ ಚೆನ್ನಾಗಿದೆ, ಹುಡುಗ ಬಹಳ ಚೆನ್ನಾಗಿ ಹಾಡಿದ. ಆದರೆ ಇಷ್ಟು ಉಳ್ಳವರಿಗೆ ಸರ್ಕಾರದ ಸಹಾಯ ಏಕೆ? ಇವರಿಗೇ ಕೊಟ್ಟರೆ ಇಲ್ಲದ ಶಾಲೆಗಳಿಗೆ ಏನು ಕೊಡುವುದು?

ತೆಲುಗು ಮೇಷ್ಟ್ರು ಕೆಮ್ಮುತ್ತ ಎದ್ದು ಹೊರಗೆ ಹೋದರು. ಅಂಗಳದಲ್ಲಿ ಅವರು ಕೆಮ್ಮುತ್ತಿದ್ದರೋ ನಗುತ್ತಿದ್ದರೋ ನಾನು ಹೇಳಲಾರೆ. ನನಗೆ ಮಾತ್ರ ನಗು ಬರಲಿಲ್ಲ. ನಮ್ಮ ಹುಡುಗ ನನ್ನ ಮುಖವನ್ನೇ ನೋಡುತ್ತಿದ್ದ.

ಗಾಡಿ ಓಣಿ ದಾಟುವ ತನಕ ಕೈ ಮುಗಿದುಕೊಂಡು ನಿಂತಿದ್ದ ವಕೀಲರು ಒಳಗೆ ಬಂದು ರುಮಾಲು ತೆಗೆದು ಎಸೆದರು. ದೊರೆಗೆ ಕಲೆಯ ಗಂಧವಿಲ್ಲ ಎಂದರು. ಶಿರಸ್ತೇದಾರರು ತಮ್ಮ ಮೇಲೆ ಹೊಟ್ಟೆಕಿಚ್ಚಿಗೆ ಚಾಡಿ ಹೇಳಿದ್ದಾರೆ ಎಂದರು. ಹುಡುಗನನ್ನು ಕರೆದು, "ಸರ್ಕಾರನ ಕೊಡಲಿಲ್ಲಪಾ, ನಾ ಏನು ಮಾಡ್ಲಿ? ನಾಳಿಂದ ಬರೂದು ಬ್ಯಾಡ," ಎಂದರು. ಹುಡುಗ ತಲೆ ಬಗ್ಗಿಸಿ ಬಾಗಿಲ ಕಡೆ ನಡೆದ. "ಲೇ, ಲೇ! ಅಂಗಿ ಬಿಚ್ಚಿಟ್ಟು ಹೋಗು. ಎರವಲು ಸಾಮಾನು ಅದು, ಹುಷಾರು," ಎಂದು ಕೂಗಿದರು.

ಹುಡುಗ ನಿಂತ. ಮೆಲ್ಲಗೆ ರೇಷ್ಮೆ ಅಂಗಿ ಬಿಚ್ಚಿ, ತೋಳಿಗೆ ತೋಳು ಕೂಡಿಸಿ ಮಡಿಸಿ, ಚಾಪೆಯ ಮೇಲಿಟ್ಟ. ಕುಚೋದ್ಯಕ್ಕಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ:

"ದೊರೆ ಮುಂದ ನಮ್ಮದೇ ಅಂದ್ರಲ್ರಿ?"

"ದೊಡ್ಡೋರ ಮುಂದ ಎರವಲು ತಂದೀವಿ ಅಂತ ಹೇಳ್ತಾರೇನೋ ಮಳ್ಳಾ? ಕೊಟ್ಟೋರ ಮರ್ಯಾದಿ ಏನಾಗಬೇಕು, ನಮ್ಮ ಮರ್ಯಾದಿ ಏನಾಗಬೇಕು?"

"ಹೌದ್ರಿ. ನಮ್ಮವ್ವನೂ ಅದಕ್ಕ ಅಂದಿದ್ಲು," ಎಂದ ಹುಡುಗ.

ವಕೀಲರ ಬಾಯಿ ಅರ್ಧ ತೆರೆದುಕೊಂಡೇ ಇತ್ತು. ತಿಳಿಯಿತು ಅವರಿಗೆ, ತಿಳಿಯಲಿಲ್ಲ ಎಂದು ನನಗೆ ಯಾರೂ ಹೇಳಬೇಡಿ. ಮುಖ ಕೆಂಪಿದ್ದದ್ದು ಬೂದಿಯಾಗಿತ್ತು. ಅದೊಂದು ಗಳಿಗೆ ಅವರು ಮನುಷ್ಯರಾಗಬಹುದಿತ್ತು. "ಈಗರ ಇಟ್ಕೊಳ್ರಿ ವಕೀಲರ ಅವನ್ನ," ಎಂದು ನಾನು ಕೈ ಮುಗಿದು ಕೇಳಿದೆ. ಅವರ ಎರಡು ಬೆರಳು ನಶ್ಯದ ಡಬ್ಬಿಗೆ ಹೋದವು.

"ವಿಚಾರ ಮಾಡೋಣ," ಎಂದರು.

ನಾನು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ನಮ್ಮ ಮನೆಯಲ್ಲೇ ಇದ್ದು ಕಲಿಯಲಿ, ತೆಲುಗು ಮೇಷ್ಟ್ರನ್ನು ಕದ್ದು ಕರೆಸುತ್ತೇನೆ ಎಂದು ಅವನನ್ನು ಕರೆದೊಯ್ಯಲು ಬಂದ ತಾಯಿಗೆ ಹೇಳಿದೆ. ಅವಳು ಒಪ್ಪಲಿಲ್ಲ. "ಬ್ಯಾಡಂದೋರ ಅನ್ನ ತಿನ್ನೋ ಮೇಷ್ಟ್ರ ಹತ್ರ ಕಳ್ಳರಂಗ ಕಲಿಯೂದು ಬ್ಯಾಡ್ರಿ," ಎಂದು ಹುಡುಗನ ಕೈ ಹಿಡಿದು ಹೊರಟಳು. ಆ ವರ್ಷ ಮಳೆಯೂ ಬೇಗ ಬಂತು. ಮಾವ ಬಂದು ಅವನನ್ನು ರಾರಾವಿಗೆ ಕರೆದೊಯ್ದ. ಬಳ್ಳಾರಿಯಲ್ಲಿ ನಾಟಕ ನಡೆಯಿತಂತೆ. ರಾಣಿಯ ಪಾತ್ರ ಹತ್ತಿ ಸಾಹುಕಾರರ ಮಗನಿಗೆ ಹೋಯಿತಂತೆ. ಪರದೆ ಎತ್ತುವ ಮೊದಲು ವಕೀಲರು ಮುಂದೆ ಬಂದು ನಿಂತರಂತೆ, ಚಪ್ಪಾಳೆಯೂ ಬಿತ್ತಂತೆ. ಇನ್ನೆರಡು ಬೇಸಿಗೆ ನಡೆಸಿ ಪಾಠಶಾಲೆ ಮುಚ್ಚಿದರು. ಅಷ್ಟಕ್ಕೇ ಅವರು ಈಗ ಕಲಾಪೋಷಕರು, ಪುಸ್ತಿಕೆ ಅಚ್ಚಾಗುತ್ತದೆ, ಸಭೆಯಲ್ಲಿ ಹೂವಿನ ಹಾರ ಹಾಕುತ್ತಾರೆ. ಹಾ!

ನಾನು ಸಿರುಗುಪ್ಪದ ಶಾಲೆಗೆ ಬಂದು ಬಹಳ ವರ್ಷಗಳಾದವು. ರಾರಾವಿ ಇಲ್ಲಿಂದ ದೂರವಲ್ಲ, ಆಗಾಗ ಹೋಗಿಬರುತ್ತೇನೆ. ಆ ಹುಡುಗ ಈಗ ಮಕ್ಕಳ ತಂದೆ, ಮಾವನ ಹೊಲದ ಪಕ್ಕದಲ್ಲೇ ತನ್ನದೂ ಒಂದು ತುಂಡು ಹೊಲ ಮಾಡಿದ್ದಾನೆ. ಕಂಠ ಅಲ್ಲೇ ಎತ್ತಿನ ಹಿಂದೆ ಒಡೆಯಿತು. ಹಾಡು ಎಂದರೆ ನಗುತ್ತಾನೆ, ಹಾಡುವುದಿಲ್ಲ. ನಾನೂ ಕೇಳುವುದನ್ನು ಬಿಟ್ಟಿದ್ದೇನೆ. ಮೊದಲ ಸಲ ಹತ್ತಿ ಚೆನ್ನಾಗಿ ಬಂದ ವರ್ಷ ಬಳ್ಳಾರಿಯಿಂದ ಒಂದು ಜರಿ ರುಮಾಲು ಕೊಂಡುತಂದ. ತಾನು ಸುತ್ತಿಕೊಂಡದ್ದನ್ನು ನಾನು ಕಂಡಿಲ್ಲ. ಊರಿನವರೆಲ್ಲ ಬೇಕಾದಾಗ ಒಯ್ಯುತ್ತಾರೆ.

ಅಳಿಯಂದಿರು ಬಂದುಹೋದ ಮರುದಿನ ರಾರಾವಿಗೆ ಹೋಗಿ ವಕೀಲರು ತೀರಿಕೊಂಡ ಸುದ್ದಿ ತಿಳಿಸಿದೆ. ಅವನು ಎತ್ತಿಗೆ ನೀರು ತೋರಿಸುತ್ತಿದ್ದ. "ಹೌದೇನ್ರಿ ಮೇಷ್ಟ್ರ?" ಎಂದ. ಎತ್ತಿನ ಬೆನ್ನು ತಟ್ಟಿ, "ಹಂಗಾರ ನನ್ನ ಅರ್ಜಿ ವಿಚಾರದಾಗ ಉಳೀತು," ಎಂದು ನಕ್ಕ. ನನಗೆ ನಗಲಾಗಲಿಲ್ಲ.

ಅಷ್ಟರಲ್ಲಿ ಪಕ್ಕದ ಓಣಿಯ ಹೆಂಗಸೊಬ್ಬಳು ಬಂದಳು. ಮಗನನ್ನು ಬಳ್ಳಾರಿಯ ಶಾಲೆಗೆ ಸೇರಿಸಲು ಒಯ್ಯುತ್ತಿದ್ದಾಳೆ, ಫೀಜು ಮಾಫಿ ಮಾಡಿರಿ ಎಂದು ದೊಡ್ಡವರನ್ನು ಕೇಳಬೇಕಂತೆ, ರುಮಾಲು ಬೇಕು. ಅವನು ಒಳಗೆ ಹೋಗಿ ರುಮಾಲು ತಂದ. ಕೊಡುವ ಮೊದಲು ಕೈಯಲ್ಲೇ ಹಿಡಿದುಕೊಂಡ.

"ಕೇಳಿದ್ರ ನಮ್ಮದಲ್ಲ ಅಂತ ಹೇಳಬೇಕು ನೋಡಬೇ."

"ಅಯ್ಯ ಶಿವನ! ಹ್ಯಾಂಗ ಹೇಳ್ಲೋ ಯಪ್ಪಾ? ನಿನ್ನ ಮರ್ಯಾದಿ?"

"ನನ್ನ ಮರ್ಯಾದಿ ನಾ ನೋಡ್ಕೊಂತೀನಿ. ರಾರಾವ್ಯಾಗ ಇಂಥಾವನ ಹತ್ರ ಎರವಲು ತಂದೀನಿ ಅಂತ ನನ್ನ ಹೆಸರು ಹೇಳು. ಹೇಳ್ತೀನಿ ಅಂದ್ರ ಒಯ್ಯಿ."

ಹೆಂಗಸು ನನ್ನ ಮುಖ ನೋಡಿದಳು, ಅವನ ಮುಖ ನೋಡಿದಳು.

"ಹೇಳ್ತೀನಿ ಬಿಡಪ್ಪಾ," ಎಂದಳು. ಆಗ ಅವನು ಹಿಡಿದದ್ದನ್ನು ಬಿಟ್ಟ.